ಪೋಷಕರ ಸಹಿಗೆ ಕಾದ ಮೂರು ದಿನ

ಆರೋಗ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕೈ ಬರಲಿಲ್ಲ. ನಿಮ್ಮ ಒಂದು ಸಾಲಿನ ನಿಯಮದಿಂದಾಗಿ ನನ್ನ ಅಕ್ಕನ ಮಗಳಿಗೆ ಎಚ್‌ಐವಿ ತಡೆಯುವ ಮಾತ್ರೆ ಸಿಗಲಿಲ್ಲ. ಅವಳಿಗೆ ಹದಿನೈದು ವರ್ಷ. ಅಕ್ಕ ತೀರಿಕೊಂಡ ಮೇಲೆ ಕಾಗದದಲ್ಲಿ ಅವಳ ಪೋಷಕ ಮಲತಂದೆ. ಅವಳ ಮೇಲೆ ಅತ್ಯಾಚಾರ ಮಾಡಿದವನೂ ಅವನೇ.

ನಿಮ್ಮದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಟ್ಟೆ ಒಗೆಯುತ್ತಿದ್ದೇನೆ. ಗುರುವಾರ ಮಧ್ಯಾಹ್ನ ನಡೆದದ್ದನ್ನು ಅವಳು ಶುಕ್ರವಾರ ಬೆಳಿಗ್ಗೆ ಒದ್ದೆ ಚಾದರಗಳ ನಡುವೆ ನಿಂತು ಹೇಳಿದಳು. ಕೈ ಕೂಡ ಒರೆಸಿಕೊಳ್ಳದೆ ಅವಳನ್ನು ಕರೆದುಕೊಂಡು ಓಡಿದೆ. “ಇಪ್ಪತ್ತೆಂಟು ದಿನ ಮಾತ್ರೆ ತಗೋಬೇಕು ಅಕ್ಕಾ. ಮೂರು ದಿನದೊಳಗೆ ಶುರು ಮಾಡ್ಲೇಬೇಕು,” ಎಂದಳು ನರ್ಸ್. ಆಮೇಲೆ ಗುಮಾಸ್ತರ ಮೇಜು.

“ಪೋಷಕರ ಸಹಿ ಎಲ್ಲಿ?”

“ನಾನು ಚಿಕ್ಕಮ್ಮ. ನಾನೇ ಹಾಕ್ತೀನಿ.”

“ಚಿಕ್ಕಮ್ಮ ನಡೆಯಲ್ಲ. ಅಪ್ಪನ್ನ ಕರ್ಕೊಂಡು ಬನ್ನಿ.”

“ಮಾಡಿದ್ದೇ ಅವನು ಸಾರ್!”

“ಹಾಗಾದ್ರೆ ಸೋಮವಾರ ಸಾಹೇಬ್ರು ಬರ್ತಾರೆ, ಕೇಳ್ನೋಡಿ.”

ಬೇಲಿಯೇ ಎದ್ದು ಹೊಲ ಮೇಯ್ದಿದೆ. ಬೇಲಿಯ ಸಹಿ ತನ್ನಿ ಎನ್ನುತ್ತದೆ ನಿಮ್ಮ ಕಚೇರಿ. ಆ ಸಾಹೇಬರು ತಾವೇ. ಆ ಶುಕ್ರವಾರ ತಾವು ಹೆಣ್ಣುಮಕ್ಕಳ ರಕ್ಷಣೆಯ ಕುರಿತು ಎಲ್ಲೋ ಭಾಷಣ ಮಾಡುತ್ತಿದ್ದಿರಿ. ಬಹಳ ಚೆನ್ನಾಗಿತ್ತಂತೆ. ಸೋಮವಾರ ಸಂಜೆ ತಾವು ಒಪ್ಪಿಗೆ ಕೊಟ್ಟಿರಿ, ಅದಕ್ಕೆ ಋಣಿ. ಅಷ್ಟರಲ್ಲಿ ನಾಲ್ಕು ದಿನ ದಾಟಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ ಅಲ್ಲವೇ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷಗಳಲ್ಲಿ ಸಹಿಯಿಲ್ಲದೆ ಒಂದು ದಿಂಬಿನ ಚೀಲವನ್ನೂ ನಾನು ಹೊರಗೆ ಕೊಟ್ಟವಳಲ್ಲ. ಸಹಿ ಬೇಕು ಎಂದ ಕೂಡಲೇ ಸುಮ್ಮನಾದೆ. ಕೂಗಾಡಬೇಕಿತ್ತು, ಆ ಮೇಜನ್ನು ಗುದ್ದಬೇಕಿತ್ತು. ಬೆಂಚಿನ ಮೇಲೆ ಅವಳ ಕೈ ಹಿಡಿದು ಕೂತೆ.

ಈಗ ಮನೆಯಲ್ಲಿ ಇಬ್ಬರಿದ್ದೇವೆ, ಇಬ್ಬರೂ ಒಂಟಿ. ಅವಳು ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾಳೆ. ಜೊತೆಯಲ್ಲಿ ಉಂಡರೆ ಏನೂ ಅಂಟುವುದಿಲ್ಲ ಕಣೇ ಎಂದರೂ ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ ನೋಡಿ, ಅಷ್ಟು ದಿಕ್ಕೆಟ್ಟಿದ್ದೇನೆ. ಮೊನ್ನೆ ಅವಳೇ ಬಾಯಿಬಿಟ್ಟಳು:

“ಚಿಕ್ಕಮ್ಮಾ, ನಾವು ಬೆಂಚ್ ಮೇಲೆ ಕೂತಿದ್ವಲ್ಲ, ಆಗ ಮಾತ್ರೆ ಒಳಗೇ ಇತ್ತಾ?”

ಇತ್ತು ಎಂದೆ.

ಆ ಸಹಿಯ ಸಾಲನ್ನು ಇಂದೇ ಹೊಡೆದುಹಾಕಿ. ಹಿಂಸೆಗೆ ಸಿಕ್ಕ ಹುಡುಗಿ ಯಾರ ಜೊತೆ ಬಂದರೂ, ಒಬ್ಬಳೇ ಬಂದರೂ, ಕರ್ತವ್ಯದಲ್ಲಿರುವ ನರ್ಸ್ ಮೊದಲ ಮಾತ್ರೆ ಕೊಡಲಿ. ಕಾಗದ ಆಮೇಲೆ ಬರೆದುಕೊಳ್ಳಿ.

ಬರುವ ವಾರ ಅವಳ ರಕ್ತಪರೀಕ್ಷೆ. ನಿನ್ನೆ ವಿಚಾರಿಸಿದೆ: ಫಲಿತಾಂಶವನ್ನೂ ಪೋಷಕರ ಕೈಗೇ ಕೊಡುವುದಂತೆ. ಅವನು ಜೈಲಿನಲ್ಲಿದ್ದಾನೆ, ಸ್ವಾಮೀ. ನನ್ನ ಮಗು ತನ್ನ ಬದುಕಿನ ಸುದ್ದಿ ಕೇಳಲು ಅಲ್ಲಿಗೆ ಹೋಗಬೇಕೇ?

ಇಂತಿ,
ನಿಮ್ಮ ಕಡತದ ಪ್ರಕಾರ ಅವಳಿಗೆ ಯಾರೂ ಅಲ್ಲದ
ಚಿಕ್ಕಮ್ಮ