ಏಳನೆಯ ಸವಾಲು

ಶಿಕಾರಿಪುರ
12-12-1996

ತಮ್ಮ ದಾದಾಪೀರನಿಗೆ,

ಅಕ್ಕ ದಾವಲಬಿಯ ಸಲಾಂ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸೊರಬದಲ್ಲಿ ನಾದಿನಿಯ ಮದುವೆಯಿತ್ತು. ಅದೂ ಅಲ್ಲದೆ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ನಿನ್ನ ‘ಸವಾಲ್-ಜವಾಬ್’ ಕ್ಯಾಸೆಟ್ಟು ಇಲ್ಲಿಗೂ ಬಂದಿದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿನಿಮಾ ಹಾಡಿನ ಪಕ್ಕದಲ್ಲೇ ಇಟ್ಟಿದ್ದಾರೆ. ನಿನ್ನ ಹೆಸರಿನ ಹಿಂದೆ ಮುಂದೆ ಅದೆಷ್ಟು ಬಿರುದಪ್ಪ, ಹೆಸರು ಹುಡುಕುವುದೇ ಕಷ್ಟವಾಯಿತು. ಮುಂಬಯಿಯಲ್ಲಿ ಕೂತು, ಕಂಡರಿಯದವರ ಕಾಗದ ಓದಿ, ಹಲಾಲ್ ಯಾವುದು ಹರಾಮ್ ಯಾವುದು ಎಂದು ಹೇಳುವಷ್ಟು ದೊಡ್ಡವನಾಗಿದ್ದೀಯ. ಒಂದೇ ಬದಿಯಲ್ಲಿ ಹದಿನೆಂಟು ಸವಾಲು. ಅಷ್ಟು ಹೊತ್ತಿನಲ್ಲಿ ನನಗೆ ಒಂದು ಹೊತ್ತಿನ ಸಾರಿಗಾಗುವಷ್ಟು ಅವರೆಕಾಯಿ ಸುಲಿಯಲೂ ಆಗುವುದಿಲ್ಲ. ಮಾತಿನ ಹಿಂದೆ ಅದೇನು ಗುಂಯ್ ಎಂದು ಸದ್ದು? ಬಾವಿಯೊಳಗೆ ಕೂತು ರೆಕಾರ್ಡು ಮಾಡಿಸಿದೆಯಾ?

ಏಳನೆಯ ಸವಾಲು ನಿನಗೆ ನೆನಪಿರಲಿಕ್ಕಿಲ್ಲ. ಹೆಸರು ಬರೆಯದ ಒಬ್ಬ ಪಿಂಜಾರ ಹೆಂಗಸು ಕೇಳಿದ್ದಳು: ಮಠದ ಸ್ವಾಮಿಗಳು ಕೂರುವ ಗಾದಿಗೆ ವರ್ಷಾ ವರ್ಷಾ ಹತ್ತಿ ಹಿಂಜಿ ತುಂಬಿಕೊಡುತ್ತೇನೆ, ತಪ್ಪೇ? ನೀನು ಉಸಿರೂ ತೆಗೆದುಕೊಳ್ಳದೆ ಹೇಳಿದೆ: ಆ ಕೆಲಸ ಹರಾಮ್, ಆ ಕೂಲಿ ಹರಾಮ್, ಆ ಕೂಲಿಯಲ್ಲಿ ಉಂಡ ಅನ್ನವೂ ಹರಾಮ್. ಆಮೇಲೆ ಎಂಟನೆಯ ಸವಾಲಿಗೆ ಹೋದೆ.

ನನಗೆ ನಮ್ಮ ಮಸೀದಿಯ ಬುಡನ್ ಹಜರತ್ತರ ನೆನಪಾಯಿತು. ಯಾರು ಏನು ಕೇಳಿಕೊಂಡು ಬಂದರೂ ಚಹಾ ಕುಡಿಸಿ, ಮನೆಯಲ್ಲಿ ಎಷ್ಟು ಜನ, ಯಾರಿಗೆ ಮೈ ಸರಿಯಿಲ್ಲ ಎಂದು ವಿಚಾರಿಸಿ, ‘ಜುಮ್ಮಾ ಆದ್ಮೇಲೆ ಬಾ, ನೋಡಣ’ ಎನ್ನುತ್ತಿದ್ದರು. ಅಪ್ಪ ಇದೇ ಗಾದಿಯ ವಿಷಯ ತೆಗೆದಾಗ ಅವರು ಕೇಳಿದ್ದು ಒಂದೇ ಮಾತು: ‘ಹತ್ತಿ ಚಲೋದು ಹಾಕೀಯೇನಪ್ಪ?’ ಅವರಿಗೆ ಬಿರುದು ಒಂದೂ ಇರಲಿಲ್ಲ.

ಅವ್ವ ನಿನ್ನ ಕ್ಯಾಸೆಟ್ಟು ಕೇಳಿದ ದಿನವೇ ಹತ್ತಿ ಹಿಂಜುವ ಬಿಲ್ಲನ್ನು ಅಟ್ಟಕ್ಕೆ ಹಾಕಿಸಿದಳು. ಅಪ್ಪ ತೀರಿಕೊಂಡ ಮೇಲೂ ಬಿಡದೆ ನಡೆಸಿದ ಕೆಲಸ. ಮೊನ್ನೆ ಮಠದಿಂದ ವೀರಬಸಪ್ಪನವರು ಹಳೆಯ ಗಾದಿ ಹೊತ್ತುಕೊಂಡು ಬಂದರು. ಅವ್ವ ಒಲ್ಲೆ ಎಂದಳು. ‘ಯಾಕ್ರೀ ಅವ್ವಾರೆ, ನಮ್ಮಿಂದ ಏನಾರ ತಪ್ಪಾತೇನು?’ ಎಂದು ಎರಡು ಸಲ ಕೇಳಿದರು. ಅವರು ಗಾದಿಯನ್ನು ಹಾಗೇ ಹೊತ್ತುಕೊಂಡು ಹೋದರು. ಅವತ್ತಿನಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ.

ಅಲ್ಲಾಹ್ ನಿನಗೆ ಆಯುಷ್ಯ ಕೊಡಲಿ. ಬುದ್ಧಿಯನ್ನೂ ಬೇಡಿಕೊಂಡಿದ್ದೇನೆ. ಹೆಂಡತಿ ಮಕ್ಕಳಿಗೆ ನನ್ನ ದುವಾ.

ನಿನ್ನ ಅಕ್ಕ,
ದಾವಲಬಿ

ತಾ.ಕ.: ಆ ಹೆಂಗಸು ನಮ್ಮ ಅವ್ವ. ಅವಳು ಹೇಳಿದಂತೆ ಬರೆದವಳು ನಾನು. ನಿನಗೆ ಅಕ್ಷರ ತಿದ್ದಿಸಿದ ಕೈಯ ಬರಹವೂ ಗುರುತು ಸಿಗಲಿಲ್ಲ. ‘ಹೆಸ್ರು ಹಾಕಬ್ಯಾಡ. ನಾನು ಅಂತ ಗೊತ್ತಾದ್ರೆ ಪ್ರೀತಿಗೆ ಏನಾರ ಹೇಳ್ತಾನ. ನನಗ ಖರೇ ಬೇಕು’ ಎಂದಿದ್ದಳು. ಆ ಮಠದ ಕೂಲಿಯಲ್ಲೇ ನಿನ್ನನ್ನು ಸಾಕಿ, ಮದರಸಾಕ್ಕೆ ಕಳಿಸಿದ್ದು. ನಿನ್ನೆ ರೊಟ್ಟಿ ಮುಂದಿಟ್ಟರೆ ಮುಟ್ಟದೆ ಕೇಳಿದಳು: ‘ಹಂಗಾರ ನಾನು ದಾದಾಗ ಉಣಿಸಿದ್ದೆಲ್ಲ ಏನಾತು?’ ಇದರ ಜವಾಬು ಕ್ಯಾಸೆಟ್ಟಿನಲ್ಲಿ ಹಾಕಬೇಡ. ಬಂದು ಅವಳ ಮುಂದೆ ಕೂತು ಹೇಳು.