ಕೆಂಪುಹಳ್ಳ ಕ್ರಾಸಿನ ಎಣಿಕೆ

ಕೆಂಪುಹಳ್ಳ ಕ್ರಾಸ್
ಫೆಬ್ರುವರಿ ೩೦, ೨೧೪೬

ನಾನು ನೀಲಾಂಬಿಕಾ ಶಿವಪುತ್ರಪ್ಪ ಕಡ್ಲಿಮಟ್ಟಿ. ಕೆಂಪುಹಳ್ಳದ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೇಳು ವರ್ಷ ಸೇವೆ ಸಲ್ಲಿಸಿ ನಿವೃತ್ತಳಾದ ಶಿಕ್ಷಕಿ. ನೂರಿಪ್ಪತ್ತು ವರ್ಷಗಳ ಹಿಂದೆ ವಾಹನ ನಡೆಸುತ್ತಿರುವ ಹಿರಿಯರಾದ ನಿಮಗೆ ಇದನ್ನು ಬರೆಯುತ್ತಿದ್ದೇನೆ. ಮೇಲಿನ ದಿನಾಂಕ ತಪ್ಪಲ್ಲ. ನಮ್ಮ ತಿದ್ದಿದ ಪಂಚಾಂಗದಲ್ಲಿ ಫೆಬ್ರುವರಿಗೂ ಮೂವತ್ತು ದಿನಗಳಿವೆ. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅರ್ಥ ಹೇಳದೆ ಮುಂದಕ್ಕೆ ಹೋಗುವ ಅಭ್ಯಾಸ ನನಗಿಲ್ಲ.

ನಮ್ಮ ವಾಹನಗಳಿಗೆ ಸದ್ದಿಲ್ಲ. ಅವನ್ನು ಮೂಕಗಾಡಿ ಎನ್ನುತ್ತೇವೆ. ಬೆಳಿಗ್ಗೆ ಎಂಟಕ್ಕೆ ಹೆದ್ದಾರಿಯಲ್ಲಿ ನೂರಾರು ಮೂಕಗಾಡಿಗಳು ಹಾಯುತ್ತಿದ್ದರೂ ಆಚೆ ಮನೆಗಳಲ್ಲಿ ರೊಟ್ಟಿ ಬಡಿಯುವುದು ಕೇಳಿಸುತ್ತದೆ. ದೊಡ್ಡವರಿಗೆ ಇದು ಹಿತ, ಮಕ್ಕಳಿಗೆ ಅಪಾಯ. ಶಾಲಾ ಬಸ್ಸು ನಿಂತಾಗ ಎರಡೂ ದಿಕ್ಕಿನ ವಾಹನಗಳು ನಿಲ್ಲಲೇಬೇಕೆಂಬ ಕಾನೂನು ನಮ್ಮಲ್ಲಿಯೂ ಇದೆ. ಆ ನಿಲುಗಡೆಗೆ ಕಾಯುಗೆ ಎಂದು ಹೆಸರು. ಆದರೆ ಮೂರು ಮಕ್ಕಳು ದಾಟಿದ್ದನ್ನು ಕಂಡೊಡನೆ ಎಲ್ಲರೂ ದಾಟಿದರೆಂದು ಚಾಲಕರು ಬಸ್ಸನ್ನು ಬಳಸಿ ನುಗ್ಗುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ರಸ್ತೆ ದಾಟಿದ ಮಗು ತನ್ನ ಹಾಜರಿ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಕು. ನಮ್ಮ ನಿಲ್ದಾಣದಲ್ಲಿ ಇಳಿಯುವವರು ಹದಿನಾಲ್ಕು ಮಂದಿ; ಬಸ್ಸಿನ ಹಾಜರಿಯಲ್ಲಿ ಅವರ ಸಂಖ್ಯೆ ಒಂದರಿಂದ ಹದಿನಾಲ್ಕು, ದಾಟುವುದೂ ಅದೇ ಕ್ರಮದಲ್ಲಿ. ಒಂದೇ ತಿಂಗಳಲ್ಲಿ ಚಾಲಕರು ಹದಿನಾಲ್ಕು ಕೇಳಿದ ಮೇಲೆಯೇ ಹೊರಡತೊಡಗಿದರು. ನಾನು ಹೆಮ್ಮೆಪಟ್ಟೆ.

ನಿವೃತ್ತಿಗೆ ಎರಡು ವರ್ಷವಿದ್ದಾಗ, ಒಂದು ಸಂಜೆ, ಹದಿನಾಲ್ಕನೆಯ ಹನಮಗೌಡ ಎದುರು ದಂಡೆಯಲ್ಲಿ ಅಜ್ಜಿಯನ್ನು ಕಂಡು, ಎಂಟು ಮಂದಿ ದಾಟಿದೊಡನೆ ಸರದಿ ತಪ್ಪಿಸಿ ಓಡಿ, ಶಿಸ್ತಿನಿಂದ ತನ್ನ ಸಂಖ್ಯೆಯನ್ನು ಕೂಗಿದ. ಒಂಬತ್ತನೆಯ ನಿಂಬೆವ್ವ ಆಗ ಬಸ್ಸಿನ ಮುಂದೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಬಸ್ಸಿನ ಹಿಂದೆ ದಸ್ತಗೀರಸಾಬ ನದಾಫರ ಉಳ್ಳಾಗಡ್ಡಿ ಲಾರಿ. ಅದರ ಹಿಂದಿದ್ದ ಕಾರು ಬಲಕ್ಕೆ ಹೊರಳಿ ಮುನ್ನುಗ್ಗಿತು. ನದಾಫರು ಲಾರಿಯನ್ನು ಅಡ್ಡ ತಿರುಗಿಸಿಬಿಟ್ಟರು. ಕಾರು ಲಾರಿಯ ಪಕ್ಕವನ್ನು ಕೆರೆದು ನಿಂತಿತು.

“ಹದಿನಾಕು ಕೂಗ್ಯಾರಲ್ಲೋ ಕಾಕಾ, ಹಾದಿ ಬಿಡು!” ಎಂದ ಕಾರಿನವನು.

“ಹದಿನಾಕು ಕೂಗಿದ್ರ ಏನಾತು? ಒಂಬತ್ತು ನಿಮ್ಮಪ್ಪ ಕೂಗ್ಯಾನೇನು?”

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ನಾನು ಇಳಿದು ಓಡಿ ನಿಂಬೆವ್ವನ ಕೈಹಿಡಿದು ದಾಟಿಸಿದೆ. ನದಾಫರೊಬ್ಬರೇ ಎಲ್ಲ ಸಂಖ್ಯೆಗಳನ್ನೂ ಎಣಿಸುತ್ತಿದ್ದರು. ಉಳಿದವರಿಗೆ ಕೊನೆಯದನ್ನು ಮಾತ್ರ ಕಾಯಲು ಕಲಿಸಿದವಳು ನಾನು. ಕ್ಷಮೆ ಕೇಳಲು ಹೋದಾಗ ನಿಂಬೆವ್ವನ ತಾಯಿ, “ಬಿಡ್ರಿ ಟೀಚರ್, ಕೂಸು ಕಣ್ಣಮುಂದ ಐತಿ. ಇನ್ನ ಮ್ಯಾಲ ಆ ದೊಡ್ಡ ಮಂದಿಗೆ ಎಣಸಾಕ ಹಚ್ರಿ,” ಎಂದರು.

ಹಾಗೆಯೇ ಆಯಿತು. ಈಗ ಇಳಿಯುವ ಮಕ್ಕಳ ಸಂಖ್ಯೆ ಬಸ್ಸಿನ ಹೊರಫಲಕದ ಮೇಲೆ ಮೂಡುತ್ತದೆ. ಎರಡೂ ಕಡೆಯ ಮೊದಲ ಚಾಲಕರು ಕೆಳಗಿಳಿದು, ದಾಟಿದ ಪ್ರತಿಯೊಬ್ಬರನ್ನೂ ಬಾಯಿಬಿಟ್ಟು ಎಣಿಸುತ್ತಾರೆ. ಇಬ್ಬರ ಲೆಕ್ಕ ಫಲಕದೊಂದಿಗೆ ತಾಳೆಯಾಗುವವರೆಗೆ ಯಾವ ಗಾಲಿಯೂ ಉರುಳುವುದಿಲ್ಲ. ಮಕ್ಕಳು ಹರಟುತ್ತಾ ಜಗಳಾಡುತ್ತಾ ದಾಟುತ್ತಾರೆ. ಏಳು ವರ್ಷಗಳಿಂದ ಇಲ್ಲಿ ನಿಂತ ಬಸ್ಸನ್ನು ಯಾರೂ ಹಿಂದಿಕ್ಕಿಲ್ಲ. ನಾನು ನಿಶ್ಚಿಂತೆಯಿಂದ ಬದುಕಿದ್ದೇನೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಎಚ್ಚರದ ಹೊರೆಯನ್ನು ದಾಟುವ ಮಗುವಿನ ಮೇಲೆ ಹೊರಿಸಬೇಡಿ. ಕಾಯುವವರು ಅದನ್ನು ಹೊರಲಿ.

ಲಗತ್ತುಗಳು:
೧. ಕಾಯುಗೆ ನಿಯಮದ ಪ್ರತಿ.
೨. ನನ್ನ ತಪ್ಪನ್ನು ಒಪ್ಪಿಕೊಂಡು ಇಲಾಖೆಗೆ ಬರೆದ ಹೇಳಿಕೆ, ತಿದ್ದುಪಡಿಯಿಲ್ಲದೆ.
೩. ದಸ್ತಗೀರಸಾಬ ನದಾಫರ ಸಾಕ್ಷ್ಯ, ಹೆಬ್ಬೆಟ್ಟಿನ ಗುರುತಿನೊಂದಿಗೆ.
೪. ಘಟನೆಯ ಮರುದಿನದ ಹಾಜರಿ ಪುಟ. ಹದಿನಾಲ್ಕೂ ಮಂದಿ ಹಾಜರು.