ಪೂಜೆಗಿಟ್ಟ ಸೀಸೆ

ತಾಳೆಮನೆ, ಕುಷ್ಟಗಿ
ಹೂಸೂತಕದ ಇಪ್ಪತ್ತಾರನೆಯ ದಿನ, ೨೨೪೭

ಬಳ್ಳಾರಿ ಜಾಲಿಯ ಹೂಪುಡಿಯನ್ನು ಮೊದಲ ಬಾರಿಗೆ ಅಳೆದು ಸೀಸೆಗೆ ತುಂಬಿದ ಹಿರಿಯರಿಗೆ, ಇನ್ನೂರಿಪ್ಪತ್ತು ವರ್ಷ ಈಚೆಗಿರುವ ಫಕೀರವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಜಾಲಿ ಹೂಬಿಡುವ ಇಪ್ಪತ್ತೆಂಟು ದಿನಗಳನ್ನು ನಾವು ಹೂಸೂತಕ ಎನ್ನುತ್ತೇವೆ. ಆಗ ಗಾಳಿಯಲ್ಲಿ ಹಾರುವ ಹೂಪುಡಿ, ನಿಮ್ಮ ಮಾತಿನಲ್ಲಿ ಪರಾಗ, ಮೈಗೆ ಒಗ್ಗದವರ ಉಸಿರು ಕಟ್ಟಿಸುತ್ತದೆ. ವರ್ಷಕ್ಕೆ ಎರಡು ಸಲ ಬರುತ್ತದೆ, ಫಾಲ್ಗುಣದಲ್ಲೊಮ್ಮೆ, ಭಾದ್ರಪದದಲ್ಲೊಮ್ಮೆ. ಸಾವಿನ ಸೂತಕದಲ್ಲಿ ನೀವು ಏನೇನು ಮಾಡುತ್ತಿರಲಿಲ್ಲವೋ ಹೆಚ್ಚುಕಡಿಮೆ ಅದೆಲ್ಲವನ್ನೂ ನಾವು ಆ ದಿನಗಳಲ್ಲಿ ಬಿಡುತ್ತೇವೆ. ಮದುವೆ ಇಲ್ಲ, ಶಾಲೆ ಇಲ್ಲ, ನೆಂಟರ ಮನೆ ಇಲ್ಲ. ಒಗೆದ ಬಟ್ಟೆಯನ್ನು ಒಳಗೇ ಒಣಗಿಸಬೇಕು. ಕಿಟಕಿಗೆ ಒದ್ದೆ ಕಂಬಳಿ ಕಟ್ಟಿ ಮೂರು ತಾಸಿಗೊಮ್ಮೆ ನೀರು ಚಿಮುಕಿಸಬೇಕು. ಹೊರಗಿನಿಂದ ಬಂದವರು ಹಜಾರದಲ್ಲೇ ತಲೆಗೆ ನೀರು ಹೊಯ್ದುಕೊಳ್ಳದಿದ್ದರೆ ಗಂಡನಾದರೂ ಸರಿ, ಒಳಗೆ ಬಿಡುವುದಿಲ್ಲ. ಹಾಗಾದರೆ ಮರ ಕಡಿಯಬಾರದೇ ಎಂದು ಕೇಳುತ್ತೀರಿ. ಜಾಲಿಕಾಯಿಯ ಹಿಟ್ಟಿನ ರೊಟ್ಟಿ ತಿಂದೇ ನಾವು ಬದುಕಿರುವುದು. ನಮ್ಮ ಒಲೆಗೆ ಅದರದೇ ಇದ್ದಿಲು, ಮರಳು ಊರೊಳಗೆ ನುಗ್ಗದಂತೆ ಹಿಡಿದಿರುವುದೂ ಅದರದೇ ಬೇರು. ಬೇರೆ ಮರ ಇಲ್ಲಿ ನಿಲ್ಲುವುದಿಲ್ಲ.

ನೀವು ಅಲರ್ಜಿ ಎನ್ನುತ್ತಿದ್ದುದು ನಮಗೆ ಒಗ್ಗದಬಾಧೆ. ಅದೇ ಹೂಪುಡಿಯ ರಸವನ್ನು ಹನಿಹನಿಯಾಗಿ, ಹೆಚ್ಚಿಸುತ್ತಾ ಹೆಚ್ಚಿಸುತ್ತಾ ನಾಲಿಗೆಯ ಕೆಳಗೆ ಹಾಕಿ ಮೈಯನ್ನು ಪಳಗಿಸುವುದು ಒಗ್ಗುಮದ್ದು. ಇದು ನಿಮ್ಮಿಂದ ಬಂದ ವಿದ್ಯೆ, ನಾವು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ. ಒಂದು ಮರದ ಪುಡಿಯಂತೆ ಇನ್ನೊಂದು ಮರದ್ದು ಇರುವುದಿಲ್ಲ, ಈ ವರ್ಷದಂತೆ ಮುಂದಿನ ವರ್ಷದ್ದಿರುವುದಿಲ್ಲ. ಅದಕ್ಕಾಗಿ ನೀವು ಒಂದು ಸೀಸೆಯನ್ನು ಅಳತೆಗೋಲು ಮಾಡಿ, ಇದರಲ್ಲಿರುವುದು ಸಾವಿರ ಪಡಿ ಎಂದು ಬರೆದಿಟ್ಟಿರಿ. ಪಡಿ ಎಂದರೆ ನಮ್ಮಲ್ಲಿ ಮದ್ದಿನ ಬಲದ ಲೆಕ್ಕ. ಯಾವ ವಾರ ಎಷ್ಟು ಪಡಿ ಹಾಕಬೇಕೆಂಬ ಪಟ್ಟಿಯನ್ನೂ ಕೊಟ್ಟಿರಿ. ಹೊಸ ಮದ್ದನ್ನು ಹಳೆಯದರ ಜೊತೆಗಿಟ್ಟು, ಒಗ್ಗದವರ ರಕ್ತದ ತಿಳಿಯಲ್ಲಿ ಎರಡರ ಬಲವನ್ನೂ ತೂಗಿ ನೋಡುವುದೇ ತಾಳೆ. ಮೂವತ್ತೊಂದು ವರ್ಷದಿಂದ ಆ ಕೆಲಸ ಮಾಡುತ್ತಿರುವ ತಾಳೆಗಾರ್ತಿ ನಾನು.

ನಿಮ್ಮ ಮೊದಲ ಸೀಸೆ ನಮಗೆ ತಾಯಿಸೀಸೆ. ಅದರ ಪೆಟ್ಟಿಗೆಯ ಮೇಲೆ ನೀವು ಬರೆದಿದ್ದೀರಿ: ಅತ್ಯಗತ್ಯವಿದ್ದಾಗ ಮಾತ್ರ ತೆರೆಯಿರಿ. ನಿಮ್ಮ ಮೇಲೆ ನನಗಿರುವ ಸಿಟ್ಟೆಲ್ಲ ಈ ಒಂದು ಸಾಲಿನ ಮೇಲೆ. ಎಷ್ಟಾದರೆ ಅತ್ಯಗತ್ಯ? ಅದನ್ನು ಹೇಳಲಿಲ್ಲ. ನಮ್ಮವರು ಭಕ್ತಿವಂತರು, ಕೇಳಬೇಕೇ! ಪೆಟ್ಟಿಗೆಗೆ ವಿಭೂತಿ ಬಳಿದರು. ಆಯುಧಪೂಜೆಗೆ ಚೆಂಡುಹೂವಿನ ಮಾಲೆ ಹಾಕಿದರು. ನೀಲಿ ರೇಷ್ಮೆ ಹೊದಿಸಿ ತಂಪುಕೋಣೆಯ ಮೇಲಿನ ಹಲಗೆಗೆ ಏರಿಸಿದರು. ನಾಲ್ಕು ವರ್ಷಕ್ಕೊಮ್ಮೆ ಹೊಸ ಅಳತೆಸೀಸೆ ಮಾಡುವಾಗ ಅದನ್ನು ತಾಯಿಯ ಜೊತೆಗಲ್ಲ, ಹಿಂದಿನ ಸೀಸೆಯ ಜೊತೆಗೆ ತಾಳೆ ನೋಡಿದರು. ಮಗಳನ್ನು ತಾಯಿಗೆ, ಮೊಮ್ಮಗಳನ್ನು ಮಗಳಿಗೆ, ಹೀಗೆ ಐವತ್ತೈದು ತಲೆಮಾರು. ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆಂದು ನಿಯಮ. ಹೆಚ್ಚಾದರೆ ಜೀವಕ್ಕೆ ಅಪಾಯ, ಕಡಿಮೆಯಾದರೆ ಯಾರೂ ಬೈಯುವುದಿಲ್ಲ. ಹಾಗಾಗಿ ಪ್ರತಿಯೊಬ್ಬರೂ ಒಂಚೂರು ಕಡಿಮೆಯ ಕಡೆಗೇ ವಾಲಿ, ಮಿತಿಯೊಳಗಿದೆ ಎಂದು ಸಹಿ ಹಾಕಿದರು. ಅದರಲ್ಲಿ ಏಳು ಸಹಿ ನನ್ನವು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹನುಮಸಾಗರದ ಒಬ್ಬ ಮುದುಕಿ ಬಂದು, "ಏನವ್ವಾ, ನಿಮ್ಮ ಮದ್ದು ನೀರಾಗೇತಿ. ನಾ ಸಣ್ಣಾಕಿದ್ದಾಗ ಹನಿ ಬಿದ್ರ ನಾಲಿಗಿ ಬುಡಾ ಕಡೀತಿತ್ತು. ಈಗ ಸಕ್ರಿ ನೀರು ಕುಡಿದಂಗ ಆಗ್ತೈತಿ," ಎಂದಳು. ಮದ್ದು ಈಗ ಶುದ್ಧವಾಗಿದೆ, ಅದಕ್ಕೇ ತುರಿಸುವುದಿಲ್ಲ ಎಂದು ನಾನು ಅವಳಿಗೆ ಪಾಠ ಹೇಳಿ ಕಳಿಸಿದೆ. ಮದ್ದು ತೆಗೆದುಕೊಂಡೂ ಸತ್ತವರ ಮನೆಗೆ ಹೋದಾಗ, ಒಂದು ದಿನವೂ ತಪ್ಪದೆ ಹಾಕಿದ್ದಿರಾ ಎಂದು ಹೆತ್ತವರನ್ನೇ ಕೇಳುತ್ತಿದ್ದೆ. ಎಂದಾದರೊಂದು ದಿನ ಎಲ್ಲರೂ ತಪ್ಪಿಸಿರುತ್ತಾರೆ. ಅವರು ತಲೆ ತಗ್ಗಿಸುತ್ತಿದ್ದರು, ನಾನು ಪುಸ್ತಕ ಮುಚ್ಚುತ್ತಿದ್ದೆ.

ಈಗ ನನ್ನ ಮನೆಯ ಮಾತು. ನನ್ನ ಮಗಳು ಶಂಕ್ರವ್ವನ ಮಗಳು ಹುಲಿಗೆಮ್ಮ, ಒಂಬತ್ತು ವರ್ಷದವಳು. ಹುಟ್ಟಿನಿಂದ ಒಗ್ಗದಬಾಧೆ. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ನಾನೇ ಹನಿ ಹಾಕಿದ್ದೇನೆ. ಪಟ್ಟಿಯ ಕೊನೆಯ ಸಾಲು, ಸಾವಿರ ಪಡಿ ಮುಟ್ಟಿದವರ ಕೈಗೆ ನಾವು ಹಸಿರು ದಾರ ಕಟ್ಟುತ್ತೇವೆ. ದಾರ ಕಟ್ಟಿಸಿಕೊಂಡವರು ಹೂಸೂತಕದಲ್ಲೂ ಹೊರಗೆ ಓಡಾಡಬಹುದು. ಈ ಸಲ ಅವಳಿಗೂ ಕಟ್ಟಿದೆ. ಹುಟ್ಟಿದಾಗಿನಿಂದ ಅವಳು ಹೂಬಿಟ್ಟ ಜಾಲಿಯನ್ನು ಕಂಡಿರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ, "ಆಯೀ, ಗಿಡಾ ಎಲ್ಲಾ ಹಳದಿ ಆಗ್ಯಾವು, ನೋಡ ಬಾ," ಎಂದು ಕೂಗುತ್ತಾ ಓಡಿದಳು. ನಾನು ಹಿಂದೆ ಹೋಗಿ ಸೇರುವಷ್ಟರಲ್ಲಿ ಅವಳ ತುಟಿ ಊದಿತ್ತು. ಮರದ ಬುಡದಲ್ಲಿ ಕೂತು ಎರಡೂ ಕೈಯಿಂದ ಗಂಟಲು ಹಿಡಿದುಕೊಂಡಿದ್ದಳು. ಒಂದು ಜೀವಸೂಜಿ ಚುಚ್ಚಿದೆ, ಸಾಲಲಿಲ್ಲ, ಇನ್ನೊಂದು ಚುಚ್ಚಿದೆ. ಉಸಿರು ತಿರುಗಿತು. ಆದರೆ ಅಂದಿನಿಂದ ಯಾರಾದರೂ ಪಕ್ಕದ ಕೋಣೆಯಲ್ಲಿ ಬಟ್ಟೆ ಕೊಡವಿದರೂ ಅವಳ ಗಂಟಲು ಬಿಗಿಯುತ್ತದೆ. ಜಾಲಿ ಇಲ್ಲದ ಊರಿಗೆ ಕಳಿಸೋಣವೆಂದರೆ ಸಮುದ್ರದ ದಡದವರೆಗೂ ಅಂಥ ಊರಿಲ್ಲ. ವೈದ್ಯರು ಹೇಳಿದ್ದು ಇಷ್ಟೇ: ಭಾದ್ರಪದದೊಳಗೆ ಮೈ ಪಳಗದಿದ್ದರೆ ಮುಂದಿನ ಹೂಸೂತಕ ಅವಳು ದಾಟುವುದಿಲ್ಲ.

ಅವಳಿಗಿಂತ ಹೆಚ್ಚಿನ ಅತ್ಯಗತ್ಯ ನನಗೆ ಬೇರೆ ಕಾಣಲಿಲ್ಲ. ಹದಿನಾಲ್ಕನೆಯ ದಿನ ರೇಷ್ಮೆ ಸರಿಸಿ ತಾಯಿಸೀಸೆಯ ಪೆಟ್ಟಿಗೆ ತೆರೆದೆ. ಸೀಸೆಯ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗಿನ ಪುಡಿ ತೇವ ಹೀರಿ, ಕಂದಿ, ಹಳೆಯ ಬೆಲ್ಲದ ಹೆಂಟೆಯಂತೆ ಕಟ್ಟಿಹೋಗಿತ್ತು. ತಾಳೆಗೆ ಹಾಕಿದರೆ ಬಲ ಸೊನ್ನೆ. ಯಾವಾಗ ಬಿರುಕು ಬಿಟ್ಟಿತೋ, ಎಷ್ಟು ವರ್ಷದಿಂದ ನಾವು ಸತ್ತ ಸೀಸೆಗೆ ಮಾಲೆ ಹಾಕುತ್ತಿದ್ದೆವೋ ಯಾರಿಗೂ ಗೊತ್ತಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಆಮೇಲೆ ತಾಳೆಯ ಹಳೆಯ ಪುಸ್ತಕಗಳನ್ನು ಹರಡಿಕೊಂಡು, ಒಂದೊಂದು ತಲೆಮಾರಿನಲ್ಲಿ ಬಲ ಎಷ್ಟೆಷ್ಟು ಇಳಿದಿತ್ತೆಂದು ಗುಣಿಸಿದೆ. ಹನ್ನೊಂದು ತಲೆಮಾರಿನ ಪುಸ್ತಕ ಗೆದ್ದಲು ತಿಂದಿದೆ. ಉಳಿದದ್ದರ ಪ್ರಕಾರ ನಾವು ಸಾವಿರ ಪಡಿ ಎನ್ನುತ್ತಿರುವ ಮದ್ದು ನಿಮ್ಮ ಸಾವಿರದ ಹತ್ತನೇ ಒಂದು ಭಾಗವಿರಬಹುದು. ಗೆದ್ದಲು ತಿಂದ ಹಾಳೆಗಳಲ್ಲಿ ಏನಿತ್ತೆಂಬುದರ ಮೇಲೆ ಮೂವತ್ತನೇ ಒಂದು ಭಾಗವೂ ಇರಬಹುದು. ಈ ವರ್ಷದ ಹೂವಿನಿಂದ ಗಟ್ಟಿಯಾದ ಹೊಸ ಮದ್ದು ಮಾಡಿದ್ದೇನೆ. ಅದನ್ನು ತೂಗಲು ನನ್ನ ಬಳಿ ಇರುವುದು ಇದೇ ಸುಳ್ಳು ಅಳತೆ. ಮೂವತ್ತನೇ ಒಂದು ಎಂದುಕೊಂಡು ಹಾಕಿದೆ ಅನ್ನಿ, ನಿಜ ಹತ್ತನೇ ಒಂದಾಗಿದ್ದರೆ ಮೂರು ಪಟ್ಟು ಹೆಚ್ಚು ಬೀಳುತ್ತದೆ, ಅವಳ ಗಂಟಲು ನನ್ನ ಕೈಯಲ್ಲೇ ಮುಚ್ಚುತ್ತದೆ. ಹತ್ತನೇ ಒಂದು ಎಂದುಕೊಂಡು ನಿಜ ಮೂವತ್ತನೇ ಒಂದಾಗಿದ್ದರೆ ಮತ್ತೆ ನೀರು ಕುಡಿಸಿದಂತೆ, ಭಾದ್ರಪದ ಅವಳನ್ನು ಒಯ್ಯುತ್ತದೆ. ಕಣದಷ್ಟರಿಂದ ಶುರುಮಾಡಿ ಮೈ ನೋಡಿಕೊಂಡು ಏರಿಸುವ ಸುರಕ್ಷಿತ ದಾರಿ ಇದೆ. ಅದಕ್ಕೆ ಎರಡು ವರ್ಷ ಬೇಕು, ನನ್ನ ಬಳಿ ಇರುವುದು ಐದೇ ತಿಂಗಳು. ಉಪ್ಪು ತಿಂದವರು ನಾವು, ನೀರು ಕುಡಿಯುತ್ತಿರುವುದು ಮಗು.

ಈ ಕಾಗದ ನಿಮಗೆ ತಲುಪುವುದಿಲ್ಲ ಎಂದು ತಿಳಿಯದಷ್ಟು ಮರುಳು ನಾನಲ್ಲ. ಶಂಕ್ರವ್ವ ಬಾಗಿಲಲ್ಲಿ ನಿಂತು, "ಸತ್ತೋರಿಗೆ ಏನ್ ಬರಿತಿ, ಯವ್ವಾ?" ಎಂದು ಕೇಳಿ ಹೋದಳು. ಬದುಕಿರುವವರಲ್ಲಿ ಕೇಳುವುದಕ್ಕೆ ನನಗೆ ಯಾರೂ ಉಳಿದಿಲ್ಲ. ಒಂದು ವೇಳೆ ತಲುಪಿದರೆ, ಒಂದೇ ಸೀಸೆ ಮಾಡಬೇಡಿ, ನೂರು ಮಾಡಿ, ನೂರು ಊರಿಗೆ ಹಂಚಿ. ವರ್ಷಕ್ಕೊಂದನ್ನು ಒಡೆದು ತಾಳೆ ನೋಡಲೇಬೇಕೆಂದು ಕಡ್ಡಾಯ ಮಾಡಿ. ನೀವು ತಡೆಯದಿದ್ದರೆ ನಾವು ಪೂಜೆ ಮಾಡಿಬಿಡುತ್ತೇವೆ.

ನಾಳೆ ಬೆಳಿಗ್ಗೆ ಮೊದಲ ಹನಿ ಹಾಕಬೇಕು. ಅವಳು ಹೆದರುವ ಮಗುವಲ್ಲ. ಬಾ ಎಂದರೆ ಬಂದು ನನ್ನ ತೊಡೆಯ ಮೇಲೆ ಕೂತು, ಬಾಯಿ ತೆರೆದು, ನಾಲಿಗೆ ಎತ್ತುತ್ತಾಳೆ. ನಿಮ್ಮ ಪಟ್ಟಿಯಲ್ಲಿ ಮೊದಲ ವಾರಕ್ಕೆ ಒಂದು ಪಡಿ ಎಂದಿದೆ. ಒಂದು ಪಡಿ ಎಂದರೆ ಎಷ್ಟು, ಹಿರಿಯರೇ?